ಹನ್ನೊಂದು ಪಟ್ಟೆಗಳು

"ನಿನ್ನ ಹೊಸ ಯಂತ್ರಕ್ಕೆ ಕಣ್ಣಿಲ್ಲ ಕಣಮ್ಮ," ಎಂದರು ಮೇಷ್ಟ್ರು, ತಲೆ ಎತ್ತದೆ. "ಇಪ್ಪತ್ತೆರಡು ವರ್ಷದಿಂದ ಎಲ್ರೂ ನೋಡ್ತಿರೋ ಪಟ್ಟೆ ಅದಕ್ಕೆ ಕಾಣ್ಸಲ್ಲ ಅಂದ್ರೆ ಇನ್ನೇನು ಹೇಳ್ಲಿ?"

ಅವಳು ನಿಂತೇ ಇದ್ದಳು. ಕೂತ್ಕೋ ಎಂದು ಅವರು ಹೇಳಿರಲಿಲ್ಲ. ಇದ್ದ ಇನ್ನೊಂದು ಕುರ್ಚಿಯ ಮೇಲೆ ಹಳೆ ಕಾಗದದ ಕಟ್ಟುಗಳಿದ್ದವು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಆ ಚಿತ್ರ, ಗಾಜಿನ ಚೌಕಟ್ಟಿನೊಳಗೆ. ಬೂದು ಬಣ್ಣದ ಮೇಲೆ ಹನ್ನೊಂದು ಕಪ್ಪು ಪಟ್ಟೆಗಳು, ರೂಲರ್ ಇಟ್ಟು ಎಳೆದ ಹಾಗೆ ಸಮದೂರದಲ್ಲಿ. ಕೂದಲಿನ ಸಾವಿರದ ಒಂದು ಪಾಲಿನಷ್ಟೂ ದಪ್ಪವಿಲ್ಲದ ಲೋಹದ ಪದರದ ಮೇಲೆ ಆಯಸ್ಕಾಂತದ ಸೂಜಿಯನ್ನು ಸಾಲುಸಾಲಾಗಿ ಓಡಿಸಿ, ಅದರೊಳಗಿನ ಕಾಂತತ್ವವನ್ನು ಬರೆಸಿಕೊಂಡ ಚಿತ್ರ. ಕೆಳಗೆ ಎರಡು ಹೆಸರು. ಮೊದಲು ಅವರದು, ಆಮೇಲೆ ಅವಳದು. ಆ ಚಿತ್ರ ಅವರಿಗೆ ವಿಭಾಗದ ಮುಖ್ಯಸ್ಥನ ಕುರ್ಚಿ ತಂದಿತ್ತು, ಅವಳಿಗೆ ಡಾಕ್ಟರೇಟ್ ಮತ್ತು ಈ ಕೆಲಸ.

ಹೊಸ ಯಂತ್ರಕ್ಕೆ ಅವಳ ಆರು ವರ್ಷ ಹೋಗಿತ್ತು. ಅದರ ಸೂಜಿಯ ತುದಿಯಲ್ಲಿ ಆಯಸ್ಕಾಂತವಿಲ್ಲ, ಕಾಂತತ್ವವನ್ನು ಬೆಳಕಿನಲ್ಲಿ ತೋರಿಸುವ ವಜ್ರದ ಒಂದು ಕಣ ಇದೆ. ಮೊದಲ ಪರೀಕ್ಷೆಗೆಂದು ಅದೇ ಹಳೆಯ ಪದರವನ್ನು ಇಟ್ಟಳು. ಒಂದು ಪಟ್ಟೆಯೂ ಬರಲಿಲ್ಲ. ಹತ್ತು ಸಲ ನೋಡಿದಳು. ಬೂದು, ಬರೀ ಬೂದು. ಯಂತ್ರವನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಇವತ್ತು ಮಧ್ಯಾಹ್ನ ಮೂರಕ್ಕೆ ಸಮಿತಿ ತೀರ್ಮಾನಿಸಬೇಕು. ಸಮಿತಿಯ ಅಧ್ಯಕ್ಷರು ಮೇಷ್ಟ್ರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಈ ಕೋಣೆಯನ್ನಾಗಲಿ, ಮೂಲೆಯ ಹಳೆ ಯಂತ್ರವನ್ನಾಗಲಿ, ಅದರ ಪಕ್ಕದ ಕಬ್ಬಿಣದ ಬೀರುವನ್ನಾಗಲಿ ಬಿಟ್ಟುಕೊಟ್ಟವರಲ್ಲ.

"ನನ್ನ ಯಂತ್ರ ಸರಿ ಇದೆ ಸರ್. ಅಲ್ಲಿ ಪಟ್ಟೆನೇ ಇಲ್ಲ."

"ಅಂದ್ರೆ ನಾನು ಸುಳ್ಳ."

"ಹಾಗಂದಿಲ್ಲ."

"ಅನ್ನೋಕೆ ಧೈರ್ಯ ಇಲ್ಲ ಅನ್ನು. ಸೂಜಿ ಅಂತ ಹೆಸರಿಟ್ಟೆ ನಿಂಗೆ. ಮೊಂಡಾಗ್ಬಿಟ್ಟೆ."

ಆ ಅಡ್ಡಹೆಸರು ಇಟ್ಟವರು ಅವರೇ. ಬಂದ ಮೊದಲ ವರ್ಷ ಹದಿನೇಳು ಸೂಜಿ ಮುರಿದಿದ್ದಳು. ಹದಿನೇಳನೆಯದು ಮುರಿದದ್ದು ಆ ಚಿತ್ರ ಬಂದ ದಿನವೇ. ಪದರವನ್ನು ತೊಂಬತ್ತು ಡಿಗ್ರಿ ತಿರುಗಿಸಿಟ್ಟು ಇನ್ನೊಂದು ಚಿತ್ರ ತೆಗೆಯಲು ಹೊರಟಿದ್ದಳು. ಪದರದ ಜೊತೆ ಪಟ್ಟೆಗಳೂ ತಿರುಗಿದರೆ ಅವು ಪದರದವು. ತಿರುಗದಿದ್ದರೆ ಹೊರಗಿನಿಂದ ಬಂದವು. ಸೂಜಿ ಇಳಿಸುವಾಗ ತುದಿ ಮುರಿಯಿತು. "ಸಾಕು ಬಿಡು, ಚಿತ್ರ ಬಂದಿದೆಯಲ್ಲ," ಎಂದಿದ್ದರು ಮೇಷ್ಟ್ರು. ಅವಳಿಗೂ ಸಾಕೆನಿಸಿತ್ತು. ನಮಗೆ ಪಟ್ಟೆ ಸಿಗುತ್ತಿಲ್ಲ ಎಂದು ಬೇರೆ ಬೇರೆ ಪ್ರಯೋಗಾಲಯದವರು ಬರೆದಾಗ, ನಿಮ್ಮ ಪದರ ಶುದ್ಧವಾಗಿಲ್ಲ ಎಂದು ಮೇಷ್ಟ್ರು ಉತ್ತರ ಕೊಟ್ಟರು. ಆ ಉತ್ತರಗಳನ್ನು ಟೈಪ್ ಮಾಡಿದವಳು ಅವಳು.

ಬೆಳಿಗ್ಗೆ ಗಂಡ ಶೂ ಲೇಸು ಕಟ್ಟುತ್ತಾ ಹೇಳಿದ್ದ: "ಆ ಮುದುಕನ ಮೇಲೆ ಗೆದ್ದು ಏನ್ ಕಟ್ಕೋತೀಯ? ಮೂರಕ್ಕೆ ಹೂಂ ಅಂದ್ಬಿಡು, ನಾಲ್ಕಕ್ಕೆ ಮನೇಲಿರು." ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಉತ್ತರ ಕೊಡದಿರುವುದು ಆ ಮನೆಯಲ್ಲಿ ಇಬ್ಬರಿಗೂ ರೂಢಿಯಾಗಿ ಬಹಳ ಕಾಲವಾಗಿತ್ತು.

"ಆ ದಿನದ ದಾಖಲೆ ಪುಸ್ತಕ ಬೇಕು ಸರ್," ಎಂದಳು.

ಮೇಷ್ಟ್ರು ಆಗ ತಲೆ ಎತ್ತಿದರು. ಕೊಡುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದಳು. ಅವರು ಎದ್ದು, ಜೇಬಿನಿಂದ ಬೀಗದ ಕೈ ತೆಗೆದು, ಬೀರು ತೆರೆದರು. ಆಳೆತ್ತರದ ಬಾಗಿಲು ಕಿರುಗುಟ್ಟುತ್ತಾ ಹಳೆ ಯಂತ್ರದ ಪಕ್ಕದವರೆಗೂ ಬಂದು ನಿಂತಿತು. ಪುಸ್ತಕವನ್ನು ಮೇಜಿನ ಮೇಲೆ ಎಸೆದರು.

"ತಗೋ. ಚಿತ್ರ ಅಚ್ಚಾದ ಎಂಟು ತಿಂಗಳಿಗೇ ನಾನು ನೋಡಿ ಆಗಿದೆ. ಈಗ ನೀನು ನೋಡು. ಅಕ್ಷರ ಯಾರದು ಅಂತ್ಲೂ ನೋಡ್ಕೋ."

ನೀಲಿ ಶಾಯಿ, ದುಂಡು ಅಕ್ಷರ. ಅವಳದೇ. ಹತ್ತು ಇಪ್ಪತ್ತು, ಹತ್ತು ನಲವತ್ತು, ಹನ್ನೊಂದು. ಸಮಯ, ಪಕ್ಕದಲ್ಲಿ ಕೋಣೆಯ ಉಷ್ಣತೆ. ಎಣಿಸಿದಳು. ಹನ್ನೊಂದು ಸಾಲು. ಪುಸ್ತಕ ಮೇಜಿನ ಮೇಲೆ ಬಿದ್ದಿರಬಾರದೆಂದು ಮೇಷ್ಟ್ರ ಕಟ್ಟಪ್ಪಣೆ ಇತ್ತು. ಅದಕ್ಕೇ ಸೂಜಿ ಓಡುತ್ತಿದ್ದಷ್ಟೂ ಹೊತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಬೀರು ತೆಗೆದು, ಬರೆದು, ಒಳಗಿಟ್ಟು, ಬಾಗಿಲು ಹಾಕುತ್ತಿದ್ದಳು. ಒಂದು ನಿಮಿಷ ಆಚೀಚೆ ಆಗಿಲ್ಲವೆಂಬ ಹೆಮ್ಮೆ ಬೇರೆ.

"ಬಾಗಿಲು," ಎಂದಳು.

"ಬಾಗಿಲೇ. ಅಷ್ಟು ಕಬ್ಬಿಣ ಪಕ್ಕದಲ್ಲಿ ಅಲ್ಲಾಡಿದ್ರೆ ಆಯಸ್ಕಾಂತದ ಸೂಜಿ ಸುಮ್ನಿರುತ್ತಾ? ತೆಗೆದ ಸಲಕ್ಕೊಂದು ಪಟ್ಟೆ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಅಷ್ಟೊತ್ತಿಗೆ ಕುರ್ಚಿ ಬಂದಿತ್ತು ನಂಗೆ. ನಿನ್ನನ್ನ ಉಳಿಸ್ದೆ ಅಂತೇನೂ ಅಂದ್ಕೋಬೇಡ, ನಿನ್ನ ಯೋಚ್ನೆ ಕೂಡ ಬರ್ಲಿಲ್ಲ." ಮೇಷ್ಟ್ರು ನಕ್ಕರು. "ಮೂರಕ್ಕೆ ತಗೊಂಡ್ ಬಾ, ಎಲ್ರ ಮುಂದೆ ಓದು. ನಂಗೆ ಎಪ್ಪತ್ತು ಆಗ್ತಾ ಬಂತು, ನನ್ನಿಂದ ಏನ್ ಕಿತ್ಕೋತಾರೆ? ನಿಂಗಿನ್ನೂ ಹದಿನೈದು ವರ್ಷ ಸರ್ವೀಸಿದೆ. ಡಾಕ್ಟರೇಟೇ ಹೋದ್ರೆ ಯಾವ ಮುಖ ಇಟ್ಕೊಂಡು ಒಳಗೆ ಬರ್ತೀಯ? ಬೇಡ ಅಂದ್ರೆ, ಯಂತ್ರದಲ್ಲಿ ದೋಷ ಇದೆ, ಸರಿಮಾಡ್ತೀನಿ ಅಂತ ಒಂದು ಸಾಲು ಬರ್ಕೊಡು. ಎರಡು ವರ್ಷ ಹೆಚ್ಚಿಗೆ ನಾನೇ ಕೊಡಿಸ್ತೀನಿ."

ಅವಳು ಚೀಲದಿಂದ ಹಳೆಯ ಪದರವಿದ್ದ ಪುಟ್ಟ ಡಬ್ಬಿ ತೆಗೆದು ಹಳೆ ಯಂತ್ರದ ಬಳಿ ಹೋಗಿ ಹೊದಿಕೆ ಸರಿಸಿದಳು. ಸ್ವಿಚ್ ಹಾಕಿದಳು. ಪಕ್ಕದ ಪರದೆ ತಡವರಿಸಿ ಹೊತ್ತಿಕೊಂಡಿತು.

"ಏನ್ ಮಾಡ್ತಿದೀಯ?"

"ತಿರುಗಿಸಿ ಇಡ್ತಿದೀನಿ. ಆವತ್ತು ಉಳಿದಿದ್ದು."

ಸೂಜಿಯನ್ನು ಮೆಲ್ಲಮೆಲ್ಲಗೆ ಇಳಿಸಿದಳು. ಮುರಿಯಲಿಲ್ಲ. ಪರದೆಯ ಮೇಲೆ ಬೂದು ಗೆರೆಗಳು ಒಂದರ ಕೆಳಗೊಂದು ಮೂಡತೊಡಗಿದವು. ಪುಸ್ತಕವನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು.

"ಮೂರಕ್ಕೆ ಎಲ್ರನ್ನೂ ಇಲ್ಲಿಗೇ ಕರೀರಿ ಸರ್."

"ಇದು ನನ್ನ ಕೋಣೆ."

"ಹೌದು. ಬೀರು ಇಲ್ಲೇ ಇದೆಯಲ್ಲ."

ಮೇಷ್ಟ್ರು ಬೀಗದ ಕೈಯಿಂದ ಮೇಜನ್ನು ಕುಟ್ಟುತ್ತಿದ್ದರು. ಸ್ವಲ್ಪ ಹೊತ್ತಿಗೆ ಕುಟ್ಟುವುದು ನಿಂತಿತು. ಅವಳು ಕುರ್ಚಿಯ ಮೇಲಿನ ಕಟ್ಟುಗಳನ್ನು ನೆಲಕ್ಕಿಳಿಸಿ ಕೂತಳು.

ಹನ್ನೊಂದು ಇಪ್ಪತ್ತಕ್ಕೆ ಎದ್ದು ಬೀರು ತೆರೆದಳು. ಪುಸ್ತಕ ತೆಗೆದು ಹಳೆಯ ಹನ್ನೊಂದನೇ ಸಾಲಿನ ಕೆಳಗೆ ಸಮಯ ಬರೆದಳು, ಉಷ್ಣತೆ ಬರೆದಳು. ಅಕ್ಷರಗಳು ಈಗ ಅಷ್ಟು ದುಂಡಗಿರಲಿಲ್ಲ. ಪಕ್ಕದಲ್ಲಿ, ಆವತ್ತು ಇಲ್ಲದಿದ್ದ ಕಡೆ, 'ಬೀರು ತೆಗೆದದ್ದು' ಎಂದು ಬರೆದು ಸಹಿ ಹಾಕಿದಳು. ಪದರ ತಿರುಗಿತ್ತು, ಆದರೂ ಪರದೆಯಲ್ಲಿ ಕಪ್ಪು ಪಟ್ಟೆಯೊಂದು, ಗೋಡೆಯ ಚಿತ್ರದಲ್ಲಿದ್ದಂತೆಯೇ, ಎಡದಿಂದ ಬಲಕ್ಕೆ ಎಳೆದುಕೊಳ್ಳುತ್ತಿತ್ತು. ಮೇಷ್ಟ್ರು ಅತ್ತ ನೋಡಲಿಲ್ಲ. ಗಡಿಯಾರ ನೋಡುತ್ತಿದ್ದರು.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಪುಸ್ತಕವನ್ನು ಒಳಗಿಟ್ಟು, ಬಾಗಿಲನ್ನು ಮೆಲ್ಲಗೆ ಮುಂದೂಡಿ, ಮತ್ತೆ ಬಂದು ಕೂತಳು.