ಎಡಭುಜದ ಅರ್ಧ ಇಂಚು

ನಮ್ಮನ್ನು ಯಾರೂ ಬೈಯಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮ ಬೀದಿಯವರಿಗೆ ಅನ್ಯಾಯವಾದೀತು. ಅಂಗಡಿಗೆ ಕಲ್ಲು ಬೀಳಲಿಲ್ಲ, ಬಾಗಿಲ ಮೇಲೆ ಯಾರೂ ಏನೂ ಗೀಚಲಿಲ್ಲ. ಎಲ್ಲರೂ ಮೊದಲಿನ ಹಾಗೆಯೇ ನಗುನಗುತ್ತಾ ಬಂದರು. ಬರುವಾಗ ಕೈಯಲ್ಲಿ ಒಂದು ಹಳೆಯ ಬಟ್ಟೆ ಹಿಡಿದುಕೊಂಡು ಬಂದರು, ಅಷ್ಟೇ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುವುದರಿಂದ ಬೀದಿಗೆಲ್ಲ ಟೇಪಕ್ಕ. ನನ್ನ ಜೊತೆಯವಳು ಬಟ್ಟೆ ಕತ್ತರಿಸುವವಳು, ಹಾಗಾಗಿ ಅವಳು ಕತ್ತರಿ. ಮುಂದೆ ಅಂಗಡಿ, ಹಿಂದೆ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಇಪ್ಪತ್ತನಾಲ್ಕು ವರ್ಷದಿಂದ ನಾವಿಬ್ಬರೂ ಅಲ್ಲಿ ಗಂಡ ಹೆಂಡತಿ ಬದುಕುವ ಹಾಗೆ ಬದುಕುತ್ತಿದ್ದೇವೆ, ಜಗಳ ಮಾತ್ರ ಅವರಿಗಿಂತ ಸ್ವಲ್ಪ ಕಡಿಮೆ. ಕೇಳಿದವರಿಗೆ ‘ಗೆಳತಿ’ ಎನ್ನುತ್ತಿದ್ದೆವು. ಅವರು ‘ಓಹೋ’ ಎನ್ನುತ್ತಿದ್ದರು. ಎರಡು ಕಡೆಗೂ ಅನುಕೂಲವಾಗಿತ್ತು.

ಕೆಟ್ಟದ್ದು ಜನಗಣತಿಯಿಂದ. ಪಕ್ಕದ ಬೀದಿಯ ಟೀಚರಮ್ಮ ಫಾರಮ್ಮು ಹಿಡಿದು ಬಂದು, ಬೆಂಚಿನ ಮೇಲೆ ಕೂತು, "ನಿಮಗೂ ಇವರಿಗೂ ಏನು ಸಂಬಂಧ?" ಎಂದು ನನ್ನನ್ನು ಕೇಳಿದರು. ನಾನು ಅಭ್ಯಾಸಬಲದಿಂದ ಬಾಯಿ ತೆರೆಯುವಷ್ಟರಲ್ಲಿ, ಇಸ್ತ್ರಿ ಹಾಕುತ್ತಿದ್ದ ಕತ್ತರಿ ತಲೆ ಎತ್ತದೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

"ಈ ಸಲ ಅದಕ್ಕೂ ಒಂದು ಕಾಲಮ್ಮು ಕೊಟ್ಟಿದ್ದಾರಂತಲ್ಲ, ಪೇಪರ್‌ನಲ್ಲಿ ಓದ್ದೆ. ಅದ್ರಲ್ಲೇ ಬರ್ಕೊಳ್ಳಿ. ನಾವಿಬ್ರೂ ಜೋಡಿ."

ಟೀಚರಮ್ಮನ ಪೆನ್ನು ನಿಂತಿತು. ಆಮೇಲೆ ಸಾವರಿಸಿಕೊಂಡು, "ಇದೆಲ್ಲ ಗುಟ್ಟಾಗಿರುತ್ತೆ, ನೀವೇನೂ ಹೆದರ್ಬೇಡಿ," ಎಂದರು. ಗುಟ್ಟು ಎಂದರೆ ಒಬ್ಬೊಬ್ಬರನ್ನೇ ಬೇರೆಬೇರೆ ಕರೆದು ಹೇಳುವುದು ಎಂದು ಆಕೆ ತಿಳಿದಿದ್ದಿರಬೇಕು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

"ಇಷ್ಟು ವರ್ಷ ಇಲ್ಲದ್ದು ಈಗೇನು ಅವಸರ ಬಂದಿತ್ತು ನಿಂಗೆ?" ಎಂದು ನಾನು ಕತ್ತರಿಯ ಮೇಲೆ ಹರಿಹಾಯ್ದೆ.

"ಐವತ್ತು ದಾಟ್ತು ನಂಗೆ. ಇನ್ಯಾವಾಗ ಹೇಳ್ಲಿ, ಸತ್ತ ಮೇಲಾ?" ಎಂದಳು.

ಮೊದಲು ಹಳೆಯ ಬಟ್ಟೆ ತಂದವಳು ಬ್ಯಾಂಕಿನ ಕ್ಯಾಷಿಯರ್. "ಟೈಮೇ ಇಲ್ಲ ಟೇಪಕ್ಕಾ, ಇದರ ಅಳತೆಗೇ ಹೊಲಿದುಬಿಡಿ." ಇದೇ ಹೆಂಗಸು ಹೋದ ವರ್ಷದವರೆಗೂ ಪರದೆಯ ಹಿಂದೆ ಕೈ ಎತ್ತಿ ನಿಂತು, ನಾನು ಅಳತೆ ಮುಗಿಸಿ ಟೇಪು ಸುತ್ತಿಟ್ಟರೂ ಅತ್ತೆಯ ಕತೆ ಮುಗಿಸುತ್ತಿರಲಿಲ್ಲ. ಆಮೇಲೆ ಬಂದವಳು ಆಸ್ಪತ್ರೆಯ ನರ್ಸು. ಬೆಳಗಿನಿಂದ ಸಂಜೆಯವರೆಗೆ ಊರಿನವರ ಮೈಯೆಲ್ಲ ಮುಟ್ಟುವವಳು, ಅವಳೂ ಒಂದು ಹಳೆಯ ಅಂಗಿ ಮೇಜಿನ ಮೇಲಿಟ್ಟು, ನನ್ನ ಬೆರಳು ತಾಗದ ಹಾಗೆ ಕೈ ಹಿಂದೆಗೆದುಕೊಂಡಳು. ತಿಂಗಳೊಳಗೆ ಅಂಗಡಿಯ ಹಗ್ಗದ ತುಂಬ ಹಳೆಯ ಬಟ್ಟೆಗಳು. ಪರದೆಯ ಹಿಂದೆ ಧೂಳು ಕೂತಿತು.

ಹಳೆಯ ಬಟ್ಟೆಯನ್ನು ನಂಬಿ ಹೊಲಿಯುವುದು ಎಂಥ ಕರ್ಮವೆಂದು ಹೊಲಿಯುವವರಿಗೇ ಗೊತ್ತು. ಮೂರು ಹೆತ್ತವಳು ಮೊದಲ ಬಸುರಿಗಿಂತ ಮುಂಚಿನ ಅಂಗಿ ತಂದುಕೊಡುತ್ತಾಳೆ. ಹೊಲಿದದ್ದು ಕಂಕುಳಲ್ಲಿ ಹಿಡಿದರೆ, "ಯಾಕೋ ಇತ್ತೀಚೆಗೆ ನಿಮ್ಮ ಕೈ ಕೆಟ್ಟಿದೆ ಟೇಪಕ್ಕಾ," ಎನ್ನುತ್ತಾಳೆ. ಕೆಟ್ಟದ್ದು ಯಾವುದು ಎಂದು ಹೇಳಲು ನಾಲಿಗೆಯ ತುದಿಗೆ ಬರುತ್ತಿತ್ತು. ಬಿಸಿತುಪ್ಪದ ಹಾಗೆ ನುಂಗಿಕೊಳ್ಳುತ್ತಿದ್ದೆ.

ಇವರನ್ನೆಲ್ಲ ನಾನು ಮರೆತುಬಿಡಬಲ್ಲೆ. ಗುಂಡಿಯನ್ನು ಮರೆಯಲಾರೆ.

ಗುಂಡಿ ನನ್ನ ಅಣ್ಣನ ಮಗಳು. ಎರಡು ವರ್ಷದವಳಿದ್ದಾಗ ನಮ್ಮ ಅಂಗಡಿಯಲ್ಲಿ ಒಂದು ಕೋಟಿನ ಗುಂಡಿ ನುಂಗಿದಳು. ಅದು ಹೊರಗೆ ಬರುವವರೆಗೆ ಮೂರು ದಿನ ಕತ್ತರಿ ಅಣ್ಣನ ಮನೆಯಲ್ಲೇ ಕೂತು ಕಾದಳು, ಹೆತ್ತ ತಾಯಿ ಕೂಡ ಮೂಗು ಮುಚ್ಚಿಕೊಂಡಿದ್ದ ಕೆಲಸಕ್ಕೆ ಇವಳು ಕೈ ಹಾಕಿದಳು. ಅಂದಿನಿಂದ ಆ ಹೆಸರೇ ನಿಂತಿತು. ನನ್ನ ಅಳತೆ ಪುಸ್ತಕದ ಮೊದಲ ಹಾಳೆ ಗುಂಡಿಯದು. ಪ್ರತಿ ಹುಟ್ಟುಹಬ್ಬಕ್ಕೂ ಬಂದು ನಿಲ್ಲುತ್ತಿದ್ದಳು, "ಅತ್ತೇ, ಎಷ್ಟು ಉದ್ದ ಆಗಿದ್ದೀನಿ ನೋಡೇ" ಎನ್ನುತ್ತಿದ್ದಳು. ಕತ್ತರಿಯನ್ನು ಕತ್ತರಿ ಅತ್ತೆ ಎಂದು ಕರೆಯುತ್ತಿದ್ದಳು. ನಮಗೆ ಮಕ್ಕಳಿಲ್ಲ ಎನ್ನುವುದು ಅವಳು ಅಂಗಡಿಯಲ್ಲಿರುವಷ್ಟು ಹೊತ್ತು ನೆನಪಾಗುತ್ತಿರಲಿಲ್ಲ.

ಹೋದ ವರ್ಷ ಅವಳು ಸ್ಕೂಟರಿನಿಂದ ಬಿದ್ದು ಕತ್ತಿನ ಕೆಳಗಿನ ಎಲುಬು ಮುರಿದುಕೊಂಡಳು. ಪಟ್ಟಿ ಬಿಚ್ಚಿಸಿಕೊಂಡು ನೇರ ನಮ್ಮಲ್ಲಿಗೇ ಬಂದಳು. ಕಾಲರು ವಾರೆಯಾಗಿ ಬಿದ್ದದ್ದರಿಂದ ನಮ್ಮಿಬ್ಬರ ಕಣ್ಣಿಗೂ ಒಟ್ಟಿಗೇ ತಿಳಿಯಿತು: ಎಡಭುಜ ಅರ್ಧ ಇಂಚು ಇಳಿದಿದೆ. ಅವಳಿಗೂ ಗೊತ್ತಿಲ್ಲ, ಅವರಮ್ಮನಿಗೂ ಗೊತ್ತಿಲ್ಲ. ನಾವು ಹೇಳಲಿಲ್ಲ. ಮದುವೆಯ ವಯಸ್ಸಿನ ಹುಡುಗಿಗೆ ಅದನ್ನು ಹೇಳಿ ಏನಾಗಬೇಕು, ಮತ್ತೆ ಭುಜದೊಳಗೆ ಇಡುವ ಪ್ಯಾಡು ಇರುವುದು ಯಾವುದಕ್ಕೆ? ಅವಳ ಮದುವೆಯ ಬಟ್ಟೆ ನಾವೇ ಹೊಲಿಯುವುದು ಎನ್ನುವುದು ಅವಳು ಗುಂಡಿ ನುಂಗಿದ ವರ್ಷವೇ ತೀರ್ಮಾನವಾಗಿತ್ತು.

ಜನಗಣತಿ ಕಳೆದು ಐದನೆಯ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ ಅಣ್ಣ ಬಂದ. ಬೆಂಚಿನ ತುದಿಯಲ್ಲಿ ಕೂತು, ಕತ್ತರಿಯ ಕಡೆ ನೋಡದೆ, ಅಳೆದೂ ಸುರಿದೂ ಮಾತು ತೆಗೆದ.

"ಗುಂಡಿ ಮದ್ವೆ ಗೊತ್ತಾಯ್ತು. ಬಟ್ಟೆ ತಂದಿದ್ದೀನಿ." ಹಾಲುಬಣ್ಣದ ರೇಷ್ಮೆ. ಅದರ ಮೇಲೆ, ನಾನೇ ಮೂರು ವರ್ಷದ ಹಿಂದೆ ಹೊಲಿದ ನೀಲಿ ಅಂಗಿ. "ಅಳತೆಗೆ ಇದು ಸಾಕಂತೆ."

ನನಗೆ ಮೈಯೆಲ್ಲ ಉರಿಯಿತು. "ಯಾರಂದ್ರು ಸಾಕು ಅಂತ?"

"ಅವಳಿಗೆ ಪುರುಸೊತ್ತಿಲ್ಲ ಕಣೇ."

"ಮದ್ವೆ ಆಗೋಕೆ ಪುರುಸೊತ್ತಿದೆ, ಅತ್ತೆ ಮುಂದೆ ಹತ್ತು ನಿಮಿಷ ನಿಲ್ಲೋಕಿಲ್ವಾ?"

ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನದು ಯಾವಾಗಲೂ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ದಾರಿ. "ಗಂಡಿನ ಕಡೆಯವರ ಕಿವಿಗೂ ಬಿದ್ದಿದೆ. ನಿಮ್ಮತ್ತಿಗೆ ಸ್ವಲ್ಪ ಹೆದ್ರಿಕೊಂಡಿದ್ದಾಳೆ. ನೀನು ಮದ್ವೆಗೆ ಬಾ, ಬರ್ಬೇಡ ಅಂತ ಯಾರು ಅಂತಾರೆ? ಒಬ್ಬಳೇ ಬಂದ್ರೆ ಒಳ್ಳೇದು. ಹಿಂದಿನ ಸಾಲಲ್ಲಿ ಒಂದು ಕುರ್ಚಿ ಇಡಿಸಿರ್ತೀನಿ."

"ನೀನೂ ಒಬ್ಬನೇ ಬರ್ತೀಯೇನೋ? ಅತ್ತಿಗೇನ ಮನೇಲಿ ಬಿಟ್ಟು?"

ಅವನು ತನ್ನ ಚಪ್ಪಲಿ ನೋಡಿಕೊಂಡ. ಅವನನ್ನು ಇನ್ನೂ ಗೋಳಾಡಿಸಬಹುದಿತ್ತು, ಆದರೆ ನನಗೆ ಬೇಕಿದ್ದದ್ದು ಕುರ್ಚಿಯಲ್ಲ. ಗುಂಡಿ ಬಂದು, ಮೊದಲಿನ ಹಾಗೆ ಕೈ ಎತ್ತಿ ನನ್ನ ಮುಂದೆ ನಿಲ್ಲಬೇಕು. ಅಷ್ಟು ಮಾಡಿದರೆ ಬೀದಿಯವರ ಹಳೆಯ ಬಟ್ಟೆಗಳನ್ನೆಲ್ಲ ನಾನು ಕ್ಷಮಿಸಿಬಿಡುತ್ತಿದ್ದೆ.

"ಅವಳು ಬಂದು ಅಳತೆ ಕೊಟ್ರೆ ಹೊಲೀತೀನಿ. ಇಲ್ದಿದ್ರೆ ರೇಷ್ಮೆ ಎತ್ಕೊಂಡು ಹೋಗು."

ಅಣ್ಣ ರೇಷ್ಮೆ ಬಿಟ್ಟು ಹೋದ. ಕತ್ತರಿ ಅವತ್ತೇ ಪರದೆ ಒಗೆದು, ಕನ್ನಡಿ ಒರೆಸಿದಳು.

ಬುಧವಾರ ಗುಂಡಿ ಬಂದಳು, ಅತ್ತಿಗೆಯೂ ಬಂದಳು. ಕತ್ತರಿ "ಬಾ ಮಗಾ" ಎಂದಷ್ಟೇ ಹೇಳಿ, ಹುಡುಗಿಗೆ ಇರುಸುಮುರುಸಾಗದಿರಲಿ ಎಂದು ಗೋಡೆಯ ಕಡೆ ತಿರುಗಿ ಇಸ್ತ್ರಿ ಹಿಡಿದಳು. ನಾನು ಕೊರಳಿನ ಟೇಪು ತೆಗೆದೆ. ಗುಂಡಿ ಅರ್ಧ ಹೆಜ್ಜೆ ಹಿಂದೆ ಸರಿದಳು.

"ಕೊಡಿ ಅತ್ತೆ, ನಾನೇ ಹಿಡ್ಕೋತೀನಿ. ನೀವು ಬರ್ಕೊಳ್ಳಿ."

ಹುಟ್ಟಿದಾಗಿನಿಂದ ‘ನೀನು’ ಎನ್ನುತ್ತಿದ್ದವಳ ಬಾಯಲ್ಲಿ ಈಗ ‘ನೀವು’. ಮರ್ಯಾದೆ ಕೊಟ್ಟೂ ದೂರ ಇಡಬಹುದು ಎಂದು ಅವಳಿಗೆ ಯಾರು ಕಲಿಸಿದರೋ.

"ಗುಂಡೀ, ನನ್ನ ಕಂಡ್ರೆ ನಿಂಗೆ ಭಯಾನಾ?"

"ಹಾಗಲ್ಲ ಅತ್ತೆ..."

"ಮತ್ತೆ ಹೇಗೆ?"

"ಹುಡುಗಿ ದೊಡ್ಡವಳಾದ್ಲು, ನಾಚ್ಕೆ ಅಷ್ಟೇ," ಎಂದಳು ಅತ್ತಿಗೆ. ಇಪ್ಪತ್ತನಾಲ್ಕು ವರ್ಷದವಳು ಬುಧವಾರ ದಿಢೀರನೆ ದೊಡ್ಡವಳಾಗಿದ್ದಳು.

ಗುಂಡಿ ಮೇಲಿನ ಜಾಕೆಟ್ಟನ್ನೂ ಬಿಚ್ಚದೆ ತನ್ನ ಎದೆಗೆ ತಾನೇ ಟೇಪು ಸುತ್ತಿಕೊಂಡಳು. ಸೊಂಟಕ್ಕೆ ಬಂದಾಗ ಉಸಿರು ಒಳಗೆಳೆದುಕೊಂಡಳು, ಎಲ್ಲ ಹುಡುಗಿಯರೂ ಹಾಗೆಯೇ, ಅದಕ್ಕೇ ಅಳತೆ ಬೇರೆಯವರು ತೆಗೆಯಬೇಕು. ಬೆನ್ನಿನ ಅಳತೆಗೆ ಅತ್ತಿಗೆ ಮುಂದೆ ಬಂದು ಟೇಪನ್ನು ತಿರುಗುಮುರುಗು ಹಿಡಿದು, "ಹದಿನೈದು... ಅಲ್ಲ, ಹದಿನೈದೂವರೆ," ಎಂದಳು. ಭುಜವನ್ನು ಬಲಗಡೆ ಮಾತ್ರ ಅಳೆದು, "ಎಡಗಡೆನೂ ಅಷ್ಟೇ ತಾನೇ?" ಎಂದಳು. ನಾನು ಅವರು ಕೂಗಿದ್ದನ್ನು ಕೂಗಿದ ಹಾಗೆಯೇ ಬರೆದುಕೊಂಡೆ. ಹೋಗುವಾಗ ಗುಂಡಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಏನೋ ಹೇಳುತ್ತಾಳೆಂದು ನಾನೂ ನಿಂತೆ. "ಬರ್ತೀನಿ ಅತ್ತೆ," ಎಂದಳು.

ಅವರು ಬೀದಿ ತಿರುಗಿದ ಮೇಲೆ ನಾನು ಪುಸ್ತಕವನ್ನು ಕತ್ತರಿಸುವ ಮೇಜಿನ ಮೇಲೆ ಎಸೆದೆ.

"ಹೇಳಿದ್ದೇ ಅಳತೆ. ಇದರ ಪ್ರಕಾರನೇ ಕತ್ತರಿಸು. ಒಂದು ಎಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಮದ್ವೆ ದಿನ ಭುಜ ಜೋತಾಡ್ಲಿ. ಆಗ ಗೊತ್ತಾಗುತ್ತೆ ಅಳತೆ ಅಂದ್ರೇನು ಅಂತ."

ಕತ್ತರಿ ಸೀಮೆಸುಣ್ಣ ಹುಡುಕುತ್ತಾ "ಹೂಂ" ಎಂದಳು.

ಮರುದಿನ ಕತ್ತರಿಸಿಕೊಟ್ಟಳು. ನಾನು ಹೊಲಿಯುತ್ತಾ ಹೋದೆ. ಅಸ್ತರು ಕೂಡಿಸಿ, ಭುಜ ಸೇರಿಸುವಾಗ ಎಡ, ಬಲ ಒಂದಕ್ಕೊಂದು ಹೊಂದಲಿಲ್ಲ. ತಪ್ಪಿತೆಂದು ಟೇಪು ಹಿಡಿದು ನೋಡಿದೆ. ಎಡಗಡೆ ಸರಿಯಾಗಿ ಅರ್ಧ ಇಂಚು ಇಳಿಸಿ ಕತ್ತರಿಸಿದ್ದಳು. ಸೊಂಟಕ್ಕೆ ಬರೆದಿದ್ದಕ್ಕಿಂತ ಒಂದು ಇಂಚು ಹೆಚ್ಚು ಬಿಟ್ಟಿದ್ದಳು, ಬೆನ್ನನ್ನು ಹದಿನಾಲ್ಕೂವರೆಗೆ ತಂದಿದ್ದಳು. ಅಷ್ಟು ಹೊತ್ತೂ ಗೋಡೆ ನೋಡುತ್ತಾ ನಿಂತಿದ್ದವಳು, ಇಸ್ತ್ರಿ ಮೇಜಿನ ಪಕ್ಕದ ಕನ್ನಡಿಯಲ್ಲಿ ಆ ಮಗುವನ್ನು ಮಾತ್ರ ನೋಡಿದ್ದಳು.

"ಏನೇ ಇದು?"

"ಏನು?"

"ಎಡಭುಜ."

"ಕತ್ತರಿ ಜಾರ್ತು," ಎಂದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಕತ್ತರಿ ಒಂದು ಸಲವೂ ಜಾರಿದ್ದಿಲ್ಲ.

ನಾನು ಎಡಕ್ಕೆ ತೆಳ್ಳಗೆ ಒಂದು ಪ್ಯಾಡು ಮಾಡಿ, ಅಸ್ತರಿನೊಳಗೆ ಕೂರಿಸಿ, ಕಾಣದ ಹಾಗೆ ಕೈಹೊಲಿಗೆ ಹಾಕಿದೆ. ಹೊಲಿಯುತ್ತಾ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ಸರಿಯಾಗಿ ಕೂತದ್ದನ್ನು ನೋಡಿದ ಮೇಲಾದರೂ ಅವರಿಗೆ ಏನಾದರೂ ಅನ್ನಿಸೀತು ಎಂದುಕೊಂಡೆ. ನನ್ನಂಥ ಬಾಯಿಬಡುಕಿಯೂ ಒಮ್ಮೊಮ್ಮೆ ಹೀಗೆ ಪೆದ್ದಿಯಾಗುವುದುಂಟು.

ಅಣ್ಣ ಬಂದು ಬಟ್ಟೆ ತೆಗೆದುಕೊಂಡು ಹೋದ. ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಸ್ಪೀಕರ್ ಹಾಕಿದ್ದಳು, ಆಚೆ ಕೋಣೆ ತುಂಬ ಹೆಂಗಸರ ದನಿ.

"ಅಯ್ಯೋ, ಎಷ್ಟು ಚೆನ್ನಾಗಿ ಕೂತಿದೆ ಅಂತೀಯಾ! ಎರಕ ಹೊಯ್ದ ಹಾಗಿದೆ. ಇಷ್ಟು ಚೆನ್ನಾಗಿರೋ ಬಟ್ಟೆ ನೀನು ಅವಳಿಗೆ ಯಾವತ್ತೂ ಹೊಲಿದಿರ್ಲಿಲ್ಲ ಬಿಡು."

"ಗುಂಡಿ ಏನಂದ್ಲು?"

"ಹಾಕ್ಕೊಂಡೇ ಇದ್ದಾಳೆ, ಕನ್ನಡಿ ಬಿಟ್ಟು ಬರ್ತಿಲ್ಲ." ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೇಳಿದಳು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮುಟ್ಟದೇನೇ ಇಷ್ಟು ಚೆನ್ನಾಗಿ ಹೊಲಿಯೋಕೆ ಬರುತ್ತೆ ಅಂದ್ಮೇಲೆ, ಇಷ್ಟು ವರ್ಷ ನಮ್ಮನ್ನೆಲ್ಲ ಪರದೆ ಹಿಂದೆ ನಿಲ್ಲಿಸ್ಕೊಂಡು ಯಾಕೆ ಅಳತೆ ತಗೋತಿದ್ರಿ?"

ಆಚೆ ಕೋಣೆಯಲ್ಲಿ ಮಾತೆಲ್ಲ ನಿಂತಿತು. ಗುಂಡಿ ಅಲ್ಲೇ ಇದ್ದಳು. ಅವಳು ‘ಅಮ್ಮಾ’ ಎಂದು ಒಂದು ಸಲ ಗದರುತ್ತಾಳೆಂದು ಕಾದೆ. ಸುಮ್ಮನೆ ನಕ್ಕು ಮಾತು ಬದಲಿಸಿದ್ದರೂ ಸಾಕಿತ್ತು. ಕನ್ನಡಿಯ ಮುಂದೆ ರೇಷ್ಮೆ ಸರಿದಾಡುವ ಸದ್ದು ಕೇಳಿಸಿತು, ಅಷ್ಟೇ. ನಾನು ಫೋನು ಇಟ್ಟೆ.

ಊರಿನ ಹೆಂಗಸರ ಮೈಯನ್ನೆಲ್ಲ ಇಪ್ಪತ್ತನಾಲ್ಕು ವರ್ಷ ನಾನು ಇಂಚುಗಳಲ್ಲಿ ಮಾತ್ರ ಕಂಡಿದ್ದೆ. ಒಂದು ಪ್ರಶ್ನೆಯಲ್ಲಿ ಅತ್ತಿಗೆ ಅದನ್ನೆಲ್ಲ ಕೊಳಕು ಮಾಡಿದ್ದಳು, ಅದಕ್ಕೆ ಸಾಕ್ಷಿಯನ್ನು ನಾವೇ ಹೊಲಿದು, ಇಸ್ತ್ರಿ ಹಾಕಿ ಕೊಟ್ಟಿದ್ದೆವು. ನನಗೆ ಅತ್ತಿಗೆಗಿಂತ ಕತ್ತರಿಯ ಮೇಲೆಯೇ ಹೆಚ್ಚು ಸಿಟ್ಟು ಬಂತು. ನಾನು ಹೇಳಿದ ಹಾಗೆ ಕೇಳಿದ್ದರೆ ಭುಜ ಸೊಟ್ಟಗಾಗುತ್ತಿತ್ತು, ನಮ್ಮ ಕೈಯ ಅಗತ್ಯ ಏನೆಂದು ಅವರಿಗೆ ತಿಳಿಯುತ್ತಿತ್ತು.

ಕತ್ತರಿ ಮೇಜಿನಿಂದ ತಲೆ ಎತ್ತಿದ್ದಳು. "ಅತ್ತಿಗೆನಾ? ಏನಂತೆ?"

"ಚೆನ್ನಾಗಿ ಕೂತಿದೆಯಂತೆ."

"ಭುಜ?"

"ಭುಜಾನೂ."

"ಪ್ಯಾಡು ಗೊತ್ತಾಗಲ್ಲ ತಾನೇ?"

"ಎರಕ ಹೊಯ್ದ ಹಾಗಿದೆಯಂತೆ. ಗುಂಡಿ ಕನ್ನಡಿ ಬಿಟ್ಟು ಬರ್ತಿಲ್ವಂತೆ."

ಐದು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ರೇಷ್ಮೆಯ ಚೂರುಗಳನ್ನು ಗುಡಿಸಿ, ಅದರಲ್ಲೊಂದು ಒಳ್ಳೆಯ ತುಂಡನ್ನು ಆರಿಸಿ, ಮಡಿಸಿ ಡಬ್ಬಿಯಲ್ಲಿಟ್ಟಳು.

"ಮದ್ವೆಗೆ ನೀನು ಹೋಗಿ ಬಾ," ಎಂದಳು. "ನನ್ನ ಬಿಟ್ಟು ಹೋಗಲ್ಲ ಅಂತ ಹಟ ಮಾಡ್ಬೇಡ. ಅವಳು ನಡೆಯೋವಾಗ ಭುಜ ಹೇಗೆ ನಿಲ್ಲುತ್ತೆ ನೋಡ್ಕೊಂಡು ಬಂದು ಹೇಳು. ಮುಂದಿನಿಂದ ಗೊತ್ತಾಗಲ್ಲ, ಹಿಂದಿನಿಂದ ನೋಡ್ಬೇಕು."

"ಕುರ್ಚಿ ಅಲ್ಲೇ ಇಟ್ಟಿದ್ದಾರೆ ಬಿಡು," ಎಂದೆ.