ಅಣಬೆ ಜರ್ಕಿ

"ಇದರಲ್ಲಿ ಮೀನಿದೆ," ಎಂದ ಗಾರ್ತ್, ಕಪ್ಪು ಸಾಸಿನ ಬಾಟಲಿಯನ್ನು ಕನ್ನಡಕದ ಹತ್ತಿರ ಹಿಡಿದು.

ವೆರ್ನಾ ಅಣಬೆ ಸೀಳುತ್ತಿದ್ದಳು, ತಲೆ ಎತ್ತಲಿಲ್ಲ. ಗಂಡ ಅಡುಗೆಮನೆಗೆ ಬರುವುದೇ ಕಾಲೆಳೆಯಲು ಎಂಬುದು ಅವಳಿಗೆ ಹೊಸದಲ್ಲ.

"ತಮಾಷೆ ಅಲ್ಲ ಕಣೇ. ಸಣ್ಣಕ್ಷರದಲ್ಲಿ ಹಾಕಿದಾರೆ ನೋಡು. ವಿನೆಗರ್, ಕಾಕಂಬಿ, ಹುಣಸೆಹಣ್ಣು, ಆಮೇಲೆ ಮೀನು. ಬೇಸಿಗೆ ಪೂರ್ತಿ ಮಗಳಿಗೆ ಮೀನು ತಿನ್ಸಿದೀಯ."

ಅವಳು ಕೈ ಒರೆಸಿಕೊಂಡು ಬಾಟಲಿ ಇಸಿದುಕೊಂಡು ಓದಿದಳು. ಇನ್ನೊಂದು ಸಲ ಓದಿದಳು.

ಆ ಸಾಸು ಈ ಮನೆಯಲ್ಲಿ ಉಪ್ಪಿನ ಹಾಗೆ. ಗಾರ್ತ್‌ನ ಅಮ್ಮನ ಕಾಲದಿಂದಲೂ ಜಿಂಕೆ ಮಾಂಸವನ್ನು ಅದರಲ್ಲೇ ನೆನೆಸಿ, ಪಟ್ಟಿಪಟ್ಟಿಯಾಗಿ ಒಣಗಿಸಿ ಚಳಿಗಾಲಕ್ಕೆ ಜರ್ಕಿ ಮಾಡಿಟ್ಟುಕೊಳ್ಳುವುದು. ಮಗಳು ಡೆಲಿಯಾ ಮಾಂಸ, ಮೀನು, ಹಾಲು, ಮೊಟ್ಟೆ ಎಲ್ಲ ಬಿಟ್ಟಾಗ ವೆರ್ನಾ ಬದಲಾಯಿಸಿದ್ದು ಜಿಂಕೆಯನ್ನು ಮಾತ್ರ. ದಪ್ಪ ಕಾಂಡದ ಅಣಬೆ ತಂದಳು. ಮಾಂಸವನ್ನಾದರೆ ಎಳೆಗೆ ಅಡ್ಡವಾಗಿ ಕೊಯ್ಯಬೇಕು, ಅಣಬೆಯನ್ನು ಎಳೆಯ ಉದ್ದಕ್ಕೇ ಸೀಳಬೇಕು. ಇಲ್ಲದಿದ್ದರೆ ಅಗಿಯುವಾಗ ಹಲ್ಲಿಗೆ ಏನೂ ಸಿಗುವುದಿಲ್ಲ. ಅದನ್ನು ಕಲಿಯುವಷ್ಟರಲ್ಲಿ ಎರಡು ಸಲ ಹಾಳಾಯಿತು. ಆಮೇಲೆ ಹಬೆಯಲ್ಲಿ ಬೇಯಿಸಿ, ಸಾಸಿನಲ್ಲಿ ನೆನೆಹಾಕಿ, ಒಣಗಿಸುವ ಯಂತ್ರದ ತಟ್ಟೆಗಳಲ್ಲಿ ಒಂದಕ್ಕೊಂದು ತಾಗದಂತೆ ಹರಡುವುದು. ಬಗ್ಗಿಸಿದರೆ ಬಿರುಕು ಬಿಡಬೇಕು, ಮುರಿಯಬಾರದು.

ಹೋದ ನವೆಂಬರಿನ ಹಬ್ಬದೂಟದಲ್ಲಿ ಗಾರ್ತ್, ಹುಲ್ಲು ತಿನ್ನೋರಿಗೆ ಕೊಟ್ಟಿಗೆಯಲ್ಲಿ ತಟ್ಟೆ ಹಾಕೋಣ ಎಂದಿದ್ದ. ಟೇಬಲ್ಲಿನ ಸುತ್ತ ಇದ್ದವರೆಲ್ಲ ನಕ್ಕರು. ಡೆಲಿಯಾ ನೋಡಿದ್ದು ಅಮ್ಮನನ್ನು. ಅಮ್ಮನೂ ನಗುತ್ತಿದ್ದಳು.

ವಸಂತದಲ್ಲಿ ಡೆಲಿಯಾ ಮೆಕ್ಸಿಕೋ ಗಡಿಯಿಂದ ಬೆಟ್ಟದ ಕಾಲ್ದಾರಿ ಹಿಡಿದು ಉತ್ತರಕ್ಕೆ ನಡೆಯಲು ಹೊರಟಳು. ಊಟದ ಡಬ್ಬಿ ಎಲ್ಲಿಗೆ ಕಳಿಸಲಿ ಎಂದು ವೆರ್ನಾ ಕೇಳಿದ್ದಕ್ಕೆ, ದಾರಿಯ ಪಕ್ಕದ ಅಂಗಡಿಗಳ ಹೆಸರು ಹೇಳಿ ಫೋನಿಟ್ಟಿದ್ದಳು. ಡಬ್ಬಿಗಳು ಹೋದವು. ತಲುಪಿತು ಎಂಬ ಮಾತು ಬರಲಿಲ್ಲ. ಈಚಿನದು ಒರೆಗಾನಿನಲ್ಲಿ ಕೆರೆಯ ದಡದ ಒಂದು ಅಂಗಡಿಗೆ ಹೋಗಿತ್ತು.

ಮಗಳ ಕೈಗೆ ಸಿಗುವ ಮೊದಲು ಅದನ್ನು ವಾಪಸು ತರಬೇಕು ಎಂದಳು ವೆರ್ನಾ. ಒಂದು ಫೋನ್ ಮಾಡಿದರಾಯಿತಲ್ಲ ಎಂದ ಗಾರ್ತ್. ಮಗಳು ಎತ್ತುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಸಾಸಿಲ್ಲದೆ, ಸೋಯಾ ಸಾಸಿನಲ್ಲಿ ನೆನೆಸಿದ ಹೊಸ ಅಣಬೆ ಬೆಳಗಾಗುವಷ್ಟರಲ್ಲಿ ಒಣಗಿತ್ತು. ಅದನ್ನು ಪೊಟ್ಟಣ ಕಟ್ಟಿಕೊಂಡು ವೆರ್ನಾ ಹೊರಗೆ ಬಂದು ನೋಡಿದರೆ ಗಾರ್ತ್ ಅವಳ ಕಾರಿನ ಟೈರುಗಳಿಗೆ ಗಾಳಿ ತುಂಬುತ್ತಿದ್ದ.

ಕೆರೆಯಂಗಡಿಯ ಮುದುಕಿ ಕಪಾಟನ್ನೆಲ್ಲ ತಡಕಿದಳು. ಡೆಲಿಯಾ ಎಂಬ ಹೆಸರಿಗೆ ಅವಳ ಮುಖದಲ್ಲಿ ಗುರುತು ಮೂಡಲಿಲ್ಲ. ಕೆಂಪು ಕೂದಲು, ಸಣ್ಣ ಆಳು ಎಂದು ವೆರ್ನಾ ಹೇಳಿದ ಮೇಲೆ, "ಓ, ಗುಬ್ಬಿನಾ? ಹಾಗನ್ನಬಾರದಾ," ಎಂದಳು. "ದಾರೀಲಿ ಯಾರನ್ನೂ ಮನೇಲಿಟ್ಟ ಹೆಸರಲ್ಲಿ ಕರೆಯಲ್ಲ ನೋಡಿ. ಡಬ್ಬಿ ಇಸ್ಕೊಂಡು ನಿನ್ನೆನೇ ಹೋದಳಲ್ಲ. ನೀವು ಅವಳಿಗೆ ಏನಾಗಬೇಕು?"

ಅಮ್ಮ ಎಂದಳು ವೆರ್ನಾ. ಗುಬ್ಬಿ ಎಂಬುದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು.

ಜಗಲಿಯ ಮೂಲೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇತ್ತು. ನಡೆಯುವವರು ಬೇಡವಾದದ್ದನ್ನು ಅದರಲ್ಲಿ ಹಾಕಿ ಹೋಗುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಓಟ್ಸು, ಅರ್ಧ ಸವೆದ ಕಾಲುಚೀಲ, ಇವುಗಳ ಮೇಲೆ ವೆರ್ನಾ ಕಳಿಸಿದ ನೀಲಿ ಟೇಪಿನ ಜರ್ಕಿ ಪೊಟ್ಟಣಗಳು. ಬಾಯಿ ಬಿಚ್ಚಿರಲಿಲ್ಲ. ವೆರ್ನಾ ತೊಟ್ಟಿಯ ಅಂಚು ಹಿಡಿದು ನಿಂತಳು.

"ತಗೊಳಿ, ಚೆನ್ನಾಗಿದೆ," ಎಂದ ಬೆಂಚಿನ ಮೇಲೆ ಕೂತಿದ್ದವನು. ನರೆತ ಗಡ್ಡ, ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಅಂಥದೇ ಒಂದು ಪೊಟ್ಟಣ ಅವನ ತೊಡೆಯ ಮೇಲಿತ್ತು. "ಬರೀ ಅಣಬೆ ಅಂದ್ಕೊಂಡು ತಿನ್ನಬೇಡಿ ಮತ್ತೆ, ಮೀನಿದೆಯಂತೆ. ಹಾಕೋವಾಗ್ಲೇ ಹೇಳ್ತಾಳೆ ಪುಣ್ಯಾತ್ಗಿತ್ತಿ. ಹಿಂದಿನ ಅಂಗಡೀಲೂ ಹೇಳಿದ್ಲು, ಅದರ ಹಿಂದಿನದ್ರಲ್ಲೂ."

"ಮೊದಲಿಂದನೂ ಗೊತ್ತಿತ್ತಾ ಅವಳಿಗೆ?"

"ಮೂಸಿದ್ರೆ ಸಾಕಂತೆ."

ವೆರ್ನಾ ಬಗ್ಗಿ ಪೊಟ್ಟಣ ಎಣಿಸಿದಳು. ಮೂರಿದ್ದವು, ಅವನ ತೊಡೆಯ ಮೇಲಿನದು ಒಂದು. ಕಳಿಸಿದ್ದು ಐದು. ಕಾಲುಚೀಲ ಸರಿಸಿ ತಳದವರೆಗೂ ನೋಡಿದಳು. ಬೇರೆ ಯಾರಾದರೂ ತೆಗೆದುಕೊಂಡರೇ ಎಂದು ಕೇಳಿದಳು. ನಿನ್ನೆಯಿಂದ ಈ ಕಾಲು ಊದಿಸಿಕೊಂಡು ಇಲ್ಲೇ ಬಿದ್ದಿದ್ದೇನೆ, ತೊಟ್ಟಿಗೆ ನಾನೇ ಕಾವಲು ಎಂದು ಅವನು ನಕ್ಕ. ಗುಬ್ಬಿ ಹಾಕಿದ್ದೇ ನಾಲ್ಕು ಎಂದ.

ವೆರ್ನಾ ಅವನ ಪಕ್ಕದಲ್ಲಿ ಕೂತಳು. ಚೀಲದಿಂದ ಹೊಸ ಜರ್ಕಿ ತೆಗೆದು ಒಂದು ತುಂಡು ಅಗಿದಳು. ಉಪ್ಪು, ಹೊಗೆ, ಖಾರ ಎಲ್ಲ ಹದವಾಗಿತ್ತು. ಯಾರ ಮನೆಯಲ್ಲಿ ಬೇಕಾದರೂ ಮಾಡಿದ್ದಿರಬಹುದಿತ್ತು.

"ನೀವು ಯಾವಾಗ ಹೊರಡ್ತೀರಿ?"

"ಬಿಸಿಲು ಇಳಿದ ಮೇಲೆ."

"ಅವಳನ್ನ ಹಿಡಿಯೋಕಾಗುತ್ತಾ?"

"ಗುಬ್ಬೀನಾ? ಅವಳು ನಿಂತರೆ ಹಿಡೀಬಹುದು."

ಅವಳು ಹೊಸ ಜರ್ಕಿಯ ಒಂದು ಪೊಟ್ಟಣವನ್ನು ಅವನ ಕೈಗೆ ಕೊಟ್ಟಳು. ಅವನು ಅದರ ನೀಲಿ ಟೇಪು ನೋಡಿದ, ತನ್ನ ತೊಡೆಯ ಮೇಲಿನದನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಏನು ಹೇಳಲಿ ಎಂದು ಮೆಲ್ಲಗೆ ಕೇಳಿದ.

"ಇದರಲ್ಲಿ ಮೀನಿಲ್ಲ ಅನ್ನಿ," ಎಂದಳು ವೆರ್ನಾ. ಅವನು ತಲೆಯಾಡಿಸಿದ. "ಬೇಕಂದ್ರೆ ಹಳೇದನ್ನೂ ಮಾಡ್ತೀನಿ ಅನ್ನಿ."

ಬಿಸಿಲು ಇಳಿಯುವವರೆಗೂ ಅವಳು ಅಲ್ಲೇ ಇದ್ದಳು. ಅವನು ಚೀಲ ಬೆನ್ನಿಗೇರಿಸಿ, ಎರಡು ಕೋಲು ಊರುತ್ತ ಪೈನ್ ಮರಗಳ ನಡುವಿನ ದಾರಿ ಹತ್ತತೊಡಗಿದ. ಪೊಟ್ಟಣವನ್ನು ಚೀಲದ ಪಕ್ಕದ ಬಲೆಜೇಬಿನಲ್ಲಿ ಇಟ್ಟಿದ್ದ. ತೀರ ನಿಧಾನವಾಗಿ ನಡೆಯುತ್ತಿದ್ದ. ಮೊದಲ ತಿರುವಿನಲ್ಲಿ ನಿಂತು ಮೊಣಕಾಲು ನೀವಿಕೊಂಡ, ಮತ್ತೆ ಹೊರಟ. ಮರಗಳ ಸಂದಿಯಲ್ಲಿ ಆ ನೀಲಿ ಒಮ್ಮೆ ಕಂಡಿತು, ಮರೆಯಾಯಿತು, ಇನ್ನಷ್ಟು ಮೇಲೆ ಮತ್ತೊಮ್ಮೆ ಕಂಡಿತು.