ಕಡ್ಡಿಯ ಬೀಗ

ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಆ ಹೆಸರು ಬಿದ್ದಾಗ ಅವನು ನಿಜಕ್ಕೂ ಕಡ್ಡಿಯಂತೆಯೇ ಇದ್ದ. ಈಗ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ, ಬೂಟಿನ ಲೇಸು ಕಟ್ಟುವುದು ಬರೀ ಅಂದಾಜಿನ ಕೆಲಸ. ಹೆಸರು ಮಾತ್ರ ತೆಳ್ಳಗೇ ಉಳಿದಿತ್ತು, ಅದನ್ನು ಉಳಿಸಿಕೊಳ್ಳಲು ಅವನು ಪಡುವ ಪಾಡು ಅಷ್ಟಿಷ್ಟಲ್ಲ.

ಅವನ ಬೆಲೆಯೆಲ್ಲ ಆ ಹೆಸರಿನಲ್ಲೇ ಇತ್ತು. ಕನ್ವೇಯರಿನ ದೊಡ್ಡ ಗೇರ್‌ಬಾಕ್ಸಿನಲ್ಲಿ ಹಳೆ ಗ್ರೀಸ್ ಗಟ್ಟಿಯಾಗಿ ಕೂತರೆ, ಕ್ರೇನ್ ತರಿಸಿ ಮೇಲಿನ ಮುಚ್ಚಳ ಎತ್ತಬೇಕು. ಅಲ್ಲಿಯವರೆಗೆ ಇಡೀ ಲೈನ್ ಮಲಗಿರುತ್ತದೆ. ಇಲ್ಲವೇ ಪಕ್ಕದ ಕಿಂಡಿಯಿಂದ ತೆಳ್ಳನೆಯ ಕೈಯೊಂದು ಒಳಹೋಗಿ ಕೆರೆದು ತೆಗೆಯಬೇಕು. ಇಷ್ಟು ವರ್ಷ ಆ ಕೈ ಕಡ್ಡಿಯದಾಗಿತ್ತು. ಈ ಸಲ ಸೂಪರ್‌ವೈಸರ್ ಅವನ ತೋಳನ್ನೂ ಕಿಂಡಿಯನ್ನೂ ನೋಡಿ, "ಆಗದಿದ್ರೆ ಹೇಳಿಬಿಡಿ ಮೇಸ್ತ್ರಿ. ಟೂಲ್ ರೂಮಲ್ಲಿ ಕುರ್ಚಿ ಖಾಲಿ ಇದೆ, ಸ್ಪ್ಯಾನರ್ ಕೊಟ್ಕೊಂಡು ಆರಾಮಾಗಿ ಕೂತಿರಬಹುದು," ಎಂದ. ಕುರ್ಚಿಯ ಮಾತು ಕೇಳಿದ್ದೇ ಕಡ್ಡಿ ಅವಸರದಿಂದ ಅಂಗಿಯ ತೋಳು ಮಡಚಿದ. "ಇದೇನು ಸರ್, ನೀರು ಕುಡಿದಷ್ಟು ಸಲೀಸು," ಎಂದು ಬಡಾಯಿ ಕೊಚ್ಚಿದ.

ಮೇನ್ ಸ್ವಿಚ್ ಆರಿಸಿ, ಅದಕ್ಕೆ ತನ್ನ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಯಾರ ಕೈ ಮಷೀನಿನ ಒಳಗೋ ಅವರ ಬೀಗ ಸ್ವಿಚ್ಚಿನ ಮೇಲೆ. ಅಲ್ಲಿನ ಕಟ್ಟುನಿಟ್ಟಿನ ನಿಯಮ ಅದು. ಅದೇ ಶಾಪಿಗೆ ಹೊಸದಾಗಿ ಫಿಟರ್ ಆಗಿ ಸೇರಿದ್ದ ಮಗಳು, "ಅಪ್ಪಾ, ನಾನು ನೋಡ್ಲಾ?" ಎಂದಳು.

"ನೀನು ಟಾರ್ಚ್ ಹಿಡಿ. ಅದೂ ದೊಡ್ಡ ಕೆಲಸಾನೇ," ಎಂದ.

ತೋಳಿಗೆ ಎಣ್ಣೆ ಸವರಿ, ಉಸಿರು ಬಿಗಿಹಿಡಿದು ತಳ್ಳಿದ. ಉಸಿರು ಹಿಡಿದರೆ ತೋಳು ಸಣ್ಣಗಾಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಹೇಗೋ ಮೊಣಕೈವರೆಗೆ ಹೋಯಿತು. ತಳದ ಮೂಲೆ ಇನ್ನೂ ದೂರವಿತ್ತು. ಬೆರಳಿಗೆ ಸಿಕ್ಕ ಒಂದು ಹೆಂಟೆ ಗ್ರೀಸನ್ನೇ ಕಿತ್ತು, ಬಿಗಿಯಾಗಿ ಹಿಡಿದು ಎಳೆದ. ಕೈ ಬರಲಿಲ್ಲ. ಇನ್ನೊಮ್ಮೆ ಎಳೆದ. ಕೊನೆಗೆ ಗೇರ್‌ಬಾಕ್ಸಿಗೆ ಕೆನ್ನೆ ಒತ್ತಿ ಅದನ್ನು ತಬ್ಬಿಕೊಂಡು ನಿಂತ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನೂ ಹಾಗೆ ತಬ್ಬಿರಲಿಲ್ಲ. ಬಿದ್ದ ಜಟ್ಟಿ ಮೀಸೆ ಮಣ್ಣಾಗಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಇವನ ಮೀಸೆಗೆ ಆಗಲೇ ಕರಿ ಗ್ರೀಸ್ ಮೆತ್ತಿತ್ತು.

"ತೋಳು ಊದ್ಕೊಂಡಿದೆ ಪುಟ್ಟೀ. ಕ್ರೇನ್‌ನವರನ್ನ ಕರಿ," ಎಂದ, ಅಳು ಬೆರೆತ ಧ್ವನಿಯಲ್ಲಿ. ಕ್ರೇನ್ ಬಂದರೆ ಹಿಂದೆಯೇ ಕುರ್ಚಿಯೂ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಮಗಳು ಕಿಂಡಿಯ ಸಂದಿಯಲ್ಲಿ ಬೆಳಕು ಬಿಟ್ಟು ನೋಡಿದಳು. ನಗು ತಡೆದುಕೊಂಡು, "ಅಪ್ಪಾ, ಕೈಯಲ್ಲೇನಿದೆ?" ಎಂದಳು.

"ಗ್ರೀಸು."

"ಬಿಡು ಅದನ್ನ."

"ಕಷ್ಟಪಟ್ಟು ಕಿತ್ತಿದ್ದೀನಿ ಕಣೇ!"

"ಮುಷ್ಟಿ ಬಿಚ್ಚಪ್ಪಾ."

ಕಡಲೆ ತುಂಬಿದ ಮಡಕೆಗೆ ಕೈಹಾಕಿ ಸಿಕ್ಕಿಬಿದ್ದ ಮಂಗನ ಕಥೆಯನ್ನು, ಅವಳು ಚಿಕ್ಕವಳಿದ್ದಾಗ ಊಟ ಮಾಡಿಸುತ್ತ ನೂರು ಸಲ ಹೇಳಿದವನು ಅವನೇ. ಮಂಗನ ಮುಖವನ್ನೂ ಮಾಡಿ ತೋರಿಸುತ್ತಿದ್ದ. ಈಗ ಮಾಡಿ ತೋರಿಸುವ ಅಗತ್ಯವಿರಲಿಲ್ಲ. ಮಂಗನಿಗಾದರೂ ಕಡಲೆಯ ಆಸೆ, ತನಗೆ ಹಳೆ ಗ್ರೀಸಿನ ಆಸೆ! ಮುಷ್ಟಿ ಬಿಚ್ಚಿದ. ಕೈ ಸರಾಗವಾಗಿ ಹೊರಬಂತು.

ಅವನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಕಪ್ಪಾದ ಖಾಲಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಕೀಲಿ ತೆಗೆದು ಸ್ವಿಚ್ಚಿನ ಮೇಲಿನ ತನ್ನ ಬೀಗ ಬಿಚ್ಚಿದ.

"ನಿನ್ನ ಬೀಗ ಹಾಕು. ಟಾರ್ಚ್ ಇಲ್ಲಿ ಕೊಡು."

ಮಗಳ ಕೈ ಹೆಗಲವರೆಗೂ ಒಳಹೋಯಿತು. ಅವನು "ಇನ್ನೂ ಕೆಳಗೆ, ಆ ಗೇರ್ ಹಲ್ಲಿನ ಹಿಂದೆ," ಎಂದು ಹೇಳುತ್ತ ಹೋದ, ಅವಳು ಕೆರೆಕೆರೆದು ಡಬ್ಬ ತುಂಬಿಸಿದಳು.

ಸೂಪರ್‌ವೈಸರ್ ಬಂದು ಒಳಗೆ ಇಣುಕಿ, ಮೆಚ್ಚಿ ತಲೆಯಾಡಿಸಿದ. ಸ್ವಿಚ್ಚಿನ ಕಡೆ ತಿರುಗಿ, "ಇದು ಯಾರ ಬೀಗ?" ಎಂದು ಕೇಳಿದ.

"ಕಡ್ಡಿದು ಸರ್," ಎಂದು ಅವನು ಮಗಳ ಕಡೆ ಕೈ ತೋರಿಸಿದ. "ಅಂದ ಹಾಗೆ, ಆ ಕುರ್ಚಿ ಎಷ್ಟು ಅಗಲ ಇದೆ ಸರ್? ಅದರಲ್ಲೂ ಸಿಕ್ಕಿಹಾಕ್ಕೊಂಡ್ರೆ ಬಿಡಿಸೋಕೆ ಮತ್ತೆ ಇವಳನ್ನೇ ಕರೀಬೇಕಾಗುತ್ತೆ."